ರೈಟರಮ್ಮನ ಇಂಟರ್‌ವ್ಯೂ

ಹದಿನಾಲ್ಕು ವರ್ಷದಿಂದ ತೋಟದ ರೈಟರ್ ನಾನು.
ರೈಟರ್ ಅಂದರೆ ಕತೆ ಬರೆಯುವವಳಲ್ಲ,
ಸಿದ್ದಾಪುರದ ಕಡೆ ಯಾರನ್ನಾದರೂ ಕೇಳಿ:
ಯಾರು ಬಂದರು, ಎಷ್ಟು ಕೊಯ್ದರು, ಎಷ್ಟು ಮುಂಗಡ
ಬರೆದಿಡುವವಳು.

ಕುಶಾಲನಗರದ ಕ್ಯೂರಿಂಗ್ ವರ್ಕ್ಸ್‌ನಲ್ಲಿ
ಡೇಟಾಬೇಸ್ ನೋಡಿಕೊಳ್ಳಲು ಜನ ಬೇಕಂತೆ ಎಂದವಳು
ನಫೀಸಾ. ಕಂಪ್ಯೂಟರ್ ಕ್ಲಾಸಿನ ಬೀಗದಕೈ
ರಾತ್ರಿ ಒಂಬತ್ತರವರೆಗೆ ನನಗೇ ಬಿಟ್ಟು
"ನಲವತ್ತು ಪ್ರಶ್ನೆ ಇವೆ. ಬಾಯಿಪಾಠ ಮಾಡಬೇಡಿ,
ಬಾಯಿಪಾಠ ಕಣ್ಣಲ್ಲೇ ಕಾಣುತ್ತೆ" ಅಂದಳು.

ಆದರೂ ಮಾಡಿದೆ.
ಅಕ್ಕಿರೊಟ್ಟಿ ತಟ್ಟುತ್ತ ಇನ್ನರ್ ಜಾಯಿನ್, ಔಟರ್ ಜಾಯಿನ್;
ಹಂಡೆ ನೀರು ಕಾಯುವಷ್ಟರಲ್ಲಿ ಮೂರು ನಾರ್ಮಲ್ ಫಾರ್ಮ್.
ಗೇಟಿನ ನಾಯಿಗೆ ಹೇಳಿಕೊಟ್ಟೆ: ಕಮಿಟ್, ರೋಲ್‌ಬ್ಯಾಕ್.
ಎರಡನೆಯದಕ್ಕೆ ಬಾಲ ಆಡಿಸಿತು.

ಪ್ರೈಮರಿ ಕೀ ಮಾತ್ರ ಓದಬೇಕಾಗಲಿಲ್ಲ.
ನಮ್ಮ ಲೈನ್‌ಮನೆಯಲ್ಲಿ ಮೂವರು ಮುತ್ತಿಯರು:
ಕರಿಮುತ್ತಿ, ಕೆರೆಬದಿ ಮುತ್ತಿ, ಇನ್ನೊಬ್ಬಳು ಬರೀ ಮುತ್ತಿ.
ಮೊದಲ ವರ್ಷ ಒಬ್ಬಳ ಕೂಲಿ ಇನ್ನೊಬ್ಬಳಿಗೆ ಕೊಟ್ಟೆ.
ಅವರಿಗೆ ನಗು, ನನಗೆ ನಾಚಿಕೆ.
ಮರುದಿನವೇ ಎಲ್ಲರಿಗೂ ಒಂದೊಂದು ನಂಬರು.
ಬರೀ ಮುತ್ತಿ ಕೇಳಿದಳು: "ನಾನು ಹನ್ನೊಂದಾ?
ನಾನು ಹೋದ ಮೇಲೆ ಹನ್ನೊಂದು ಯಾರಿಗೆ?"
ಯಾರಿಗೂ ಕೊಡೋದಿಲ್ಲ ಅಂದಿದ್ದೆ.
ಅದೊಂದು ನಿಯಮವೆಂದು
ಈಗ ಪುಸ್ತಕದಲ್ಲಿ ಓದುತ್ತಿದ್ದೇನೆ.

ಮೇಜಿನಾಚೆ ಮೂವರು. ನಡುವೆ ಕೂತ ದೇಚಮ್ಮನಿಗೆ
ನನ್ನ ತಂಗಿ ಮಗಳ ವಯಸ್ಸು.
ಕಿಟಕಿಯಾಚೆ ಹೊಟ್ಟಿನ ಧೂಳು, ಯಂತ್ರದ ಗಡಗಡ.
ಪ್ರತಿ ಪ್ರಶ್ನೆಯನ್ನೂ ಎರಡು ಸಲ ಕೇಳಿಸಿಕೊಂಡೆ,
ಒಮ್ಮೆ ಸದ್ದಿಗಾಗಿ, ಒಮ್ಮೆ ಹೆದರಿಕೆಗಾಗಿ.

ಇಂಡೆಕ್ಸ್ ಯಾಕೆ? ಹೇಳಿದೆ.
ಬ್ಯಾಕಪ್? ಗೆದ್ದಲು ತಿಂದ ಹಾಜರಿ ಪುಸ್ತಕದ ಕತೆ ಹೇಳಿದೆ,
ಒಬ್ಬರು ನಕ್ಕರು, ಒಬ್ಬರು ಬರೆದುಕೊಂಡರು.
ಕ್ವೆರಿ ನಿಧಾನವಾದರೆ ಮೊದಲು ಎಲ್ಲಿ ನೋಡುತ್ತೀರಿ?
ಗಂಟಲು ಒಣಗಿತು. ನಫೀಸಾ ಹೇಳಿದ್ದಳು,
ಗೊತ್ತಿಲ್ಲ ಅನ್ನಿ, ಆಮೇಲೆ ಹೇಗೆ ಹುಡುಕುತ್ತೀರಿ ಅದನ್ನು ಹೇಳಿ.
ಮೊದಲರ್ಧ ಹೇಳಿದೆ. ಇನ್ನರ್ಧ ನೆನಪಾಗುವಷ್ಟರಲ್ಲಿ
ಅವರು ಮುಂದಕ್ಕೆ ಹೋಗಿಯಾಗಿತ್ತು.

"ಸೊನ್ನೆಗೂ ನಲ್‌ಗೂ ಏನು ವ್ಯತ್ಯಾಸ?"

ಸೊನ್ನೆ ಅಂದರೆ, ಮೇಡಂ, ಬಂದಳು.
ಚೀಲ ಕಟ್ಟಿಕೊಂಡು ಗಿಡದ ಬುಡದಲ್ಲಿ ನಿಂತಳು, ಜ್ವರವಿತ್ತು,
ಒಂದು ಹಣ್ಣೂ ಕೊಯ್ಯಲಿಲ್ಲ. ತೂಕ ಸೊನ್ನೆ.
ನಲ್ ಅಂದರೆ, ಆ ದಿನ ತಕ್ಕಡಿ ಹತ್ತಿರ ನಾನಿರಲಿಲ್ಲ.
ಬಂದಿರಬಹುದು. ನಲವತ್ತು ಕಿಲೋ ಕೊಯ್ದಿರಲೂಬಹುದು.
ಖಾಲಿಯನ್ನು ಸೊನ್ನೆ ಅಂತ ಓದಿದ್ದಕ್ಕೆ
ಒಬ್ಬಳ ಕೂಲಿ ಹೋಯಿತು.
ಓದಿದವಳು ನಾನೇ.

ನಲವತ್ತರಲ್ಲಿ ಎಲ್ಲೂ ಇರದ ಉತ್ತರ.
ದೇಚಮ್ಮ ಪೆನ್ನು ಕೆಳಗಿಟ್ಟಳು.
"ಆಮೇಲೆ ಕೊಟ್ಟಿರಾ?"
ಇದು ಇಂಟರ್‌ವ್ಯೂ ಪ್ರಶ್ನೆಯೋ ಅಲ್ಲವೋ ತಿಳಿಯಲಿಲ್ಲ.
ಕೊಟ್ಟೆ ಅಂದೆ. ಎರಡು ವಾರ ತಡವಾಗಿ, ನನ್ನ ಸಂಬಳದಿಂದ.

ಕೊನೆಗೆ ಡೆಡ್‌ಲಾಕ್. ಪದ ಗೊತ್ತು, ಅರ್ಥವೂ ಗೊತ್ತು,
ಗಂಟು ಬಿಡಿಸುವುದು ಮಾತ್ರ ನಾಲಿಗೆ ತುದಿಗೆ ಬಂದು ಜಾರಿತು.
"ತಿಳಿಸುತ್ತೇವೆ" ಅಂದರು. ಕಾಫಿ ಕೊಟ್ಟರು.
ಅಷ್ಟೊಂದು ಕಾಫಿ ಮೂಟೆಗಳ ನಡುವೆ
ಎಂಥಾ ನೀರು ಕಾಫಿ!

ಸಂಜೆ ಬಸ್ಸು. ನಂಜರಾಯಪಟ್ಟಣ ದಾಟಿದ ತಿರುವಿನಲ್ಲಿ
ಒಂಟಿ ಸಲಗ.
ಡ್ರೈವರ್ ಎಂಜಿನ್ ನಿಲ್ಲಿಸಿದ, ದೀಪ ಆರಿಸಿದ.
ಇಪ್ಪತ್ತು ನಿಮಿಷ ಯಾರೂ ಕೆಮ್ಮಲಿಲ್ಲ.
ಅದು ಹೊಳೆಯ ಕಡೆ ಇಳಿದ ಮೇಲೆ ನೋಡಿದರೆ
ಎದುರಿಗೆ ಜೀಪು, ಮೂಗಿಗೆ ಮೂಗು.
ನಾವು ಬಿಡದೆ ಅದು ಬರದು, ಅದು ಬಿಡದೆ ನಾವು ಹೋಗೆವು.
ಬಸ್ಸಿನ ತುಂಬ ಜನ, ಜೀಪಿನಲ್ಲಿ ಒಬ್ಬನೇ;
ಅವನೇ ಹಿಂದೆ ಸರಿದು ಚರಂಡಿ ಬದಿಗೆ ಒರಗಿದ,
ನಾವು ದಾಟಿದ ಮೇಲೆ ಮತ್ತೆ ಮೊದಲಿಂದ ಹೊರಟ.

"ಹಗುರ ಇರೋರನ್ನ ಹಿಂದಕ್ಕೆ ಕಳಿಸಬೇಕು!"
ಅಂದುಬಿಟ್ಟೆ, ಜೋರಾಗಿಯೇ.
ಪಕ್ಕದಲ್ಲಿ ಕಿತ್ತಳೆ ಚೀಲ ಹಿಡಿದು ಕೂತಿದ್ದ ಸಣಕಲ
ನನ್ನ ಮುಖ ನೋಡಿ, ಚೀಲ ಎತ್ತಿಕೊಂಡು,
ಹಿಂದಿನ ಸೀಟಿಗೆ ಹೋದ.