ಕೋರಂ

ಮಂಡ್ಯದ ಸಕ್ಕರೆ ಕಾರ್ಖಾನೆಯ ಹಿಂದೆ, ನಾಲೆ ಏರಿಯ ಮೇಲೆ
ನಮ್ಮ ಶಾಲೆ. ದಾರಿಹೋಕರ ಕಣ್ಣಿಗೆ
ಬರೀ ಒಂದು ಪಾಳುಬಿದ್ದ ಆಲೆಮನೆ.
ಒಳಗೆ ನೂರ ನಲವತ್ತು ಹುಡುಗಿಯರು,
ಎರಡೆರಡು ಜಡೆ, ನೀಲಿ ಲಂಗ,
ಬೆರಳ ತುದಿಯಲ್ಲಿ ಆಗಾಗ ಒಂದು ಕಿಡಿ.

ಸಮಿತಿಗಳಿಗೆ ಬರವಿರಲಿಲ್ಲ.
ಗಾಳಿ ಸಮಿತಿಯವರು, ಕಬ್ಬು ಅರೆಯುವ ಕಾಲಕ್ಕೆ,
ಕಾಕಂಬಿಯ ನಾತವನ್ನು ಮದ್ದೂರಿನ ಕಡೆ ತಿರುಗಿಸುತ್ತಿದ್ದರು.
ಮದ್ದೂರಿನವರು ದೂರು ಕೊಟ್ಟರಂತೆ,
ಯಾರಿಗೆಂದು ತಿಳಿಯದೆ, ಪೋಸ್ಟ್‌ಮ್ಯಾನ್‌ಗೆ.
ಊಟದ ಸಮಿತಿ ಸೇರಲು ನೂಕುನುಗ್ಗಲು:
ಒಂದು ಮುದ್ದೆಯನ್ನು ಏಳು ಮಾಡುವ ಮಂತ್ರ
ಅಲ್ಲಿ ಮಾತ್ರ ಸಿಕ್ಕುತ್ತಿತ್ತು.
ಏಳನೆಯದಕ್ಕೆ ರುಚಿಯಿಲ್ಲ;
ಅದು ಯಾರ ತಟ್ಟೆಗೆ ಎಂದು ತೀರ್ಮಾನಿಸಲು
ಒಂದು ಉಪಸಮಿತಿ.

ನಾನು ನೆರಳು ಸಮಿತಿಯ ಕಾರ್ಯದರ್ಶಿ.
ಆಟದ ಬಯಲಲ್ಲಿ, ಬಚ್ಚಲ ಬಳಿ, ಮೆಟ್ಟಿಲ ಮೇಲೆ
ಹುಡುಗಿಯರು ಮರೆತು ಬಿಟ್ಟುಹೋದ ನೆರಳುಗಳನ್ನು
ಸಂಜೆ ಆಯ್ದು, ಮಡಿಸಿ, ಹೆಸರು ಬರೆದು ಹಿಂದಿರುಗಿಸುವುದು,
ಇಷ್ಟೇ ನಮ್ಮ ಕೆಲಸ.
ಬೇಸಿಗೆಯಲ್ಲಿ ಹಪ್ಪಳದ ಹಾಗೆ ಗರಿಗರಿ,
ಮಳೆಗಾಲದಲ್ಲಿ ಒದ್ದೆ ಗೋಣಿಯ ಭಾರ.
ಅಧ್ಯಕ್ಷೆ ಮುಬೀನಾ. ಸದಸ್ಯೆ ಕೆಂಪಾಜಮ್ಮ. ನಾನು.
ಕೋರಂಗೆ ಬೇಕಾದದ್ದು ಮೂವರು. ಇದ್ದದ್ದೂ ಮೂವರು.

ಕೆಂಪಾಜಿಗೆ ಯಾವುದೂ ಒಲಿಯಲಿಲ್ಲ.
ಹಾರಲು ಹೋಗಿ ಹುಣಸೆಮರಕ್ಕೆ ಸಿಕ್ಕಿಕೊಂಡಳು,
ನೀರ ಮೇಲೆ ನಡೆಯಲು ಹೋಗಿ ನಾಲೆಯ ತೂಬಿಗೆ.
ಕಾಣದಿರುವ ಪಾಠ ಬಂದಾಗ ಮಾತ್ರ
ಮೊದಲ ವಾರ ಓಲೆ ಮಾಯ, ಎರಡನೆಯ ವಾರ ಕಿವಿ.
ಪರೀಕ್ಷೆಯ ದಿನ ತಾಯಮ್ಮಣ್ಣಿ ಟೀಚರು
ಬೆಂಚಿನ ಕೆಳಗೆ, ಬೀರುವಿನ ಹಿಂದೆ, ಸೂರಿನ ತೊಲೆಯಲ್ಲಿ
ಹುಡುಕಿ ಸೋತು ನೂರಕ್ಕೆ ನೂರು ಕೊಟ್ಟರು.
ಪಕ್ಕದ ಕೋಣೆಯಲ್ಲಿ ಹಾಜರಿ ಟೀಚರು
ಅದೇ ಹೆಸರಿನ ಮುಂದೆ
ಗೈರು ಎಂದು ಬರೆದರು.

ಇಬ್ಬರದೂ ಸರಿಯಾಗಿತ್ತು. ಆಮೇಲೂ ಸರಿಯಾಗಿಯೇ ಉಳಿಯಿತು.

ಶುಕ್ರವಾರದ ಸಭೆಗೆ ಅವಳ ನೆರಳು ಬಂತು.
ಗೋಡೆಗೆ ಒರಗಿ, ಮೊಣಕಾಲು ಮಡಿಸಿ,
ಜಡೆಯ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ.
'ಇಲ್ಲೇ ಅವ್ಳೆ ಕಣಮ್ಮಿ, ಬರ್ಕೊ' ಎಂದಳು ಮುಬೀನಾ.
ಬರೆದೆ: ಹಾಜರು, ಮೂವರು.

ಹೆಡ್‌ಮೇಡಂಗೆ ಸುದ್ದಿ ಮುಟ್ಟಿತು.
ಇಬ್ಬರ ಸಮಿತಿಯನ್ನು ಮುಚ್ಚತಕ್ಕದ್ದು, ನಿಯಮ ಹನ್ನೊಂದು.
ಕೈ ಎತ್ತಬಲ್ಲವರು ಸದಸ್ಯರು, ನಿಯಮ ನಾಲ್ಕು, ಎಂದೆವು ನಾವು.
ಹಾಗಾದರೆ ಮಧ್ಯಾಹ್ನ ಹನ್ನೆರಡಕ್ಕೆ, ಬಯಲಲ್ಲಿ, ಎಲ್ಲರ ಎದುರು
ಎತ್ತಲಿ ಎಂದರು. ಜಾಣೆ ಹೆಂಗಸು.
ಆ ಹೊತ್ತಿಗೆ ಎಲ್ಲರ ನೆರಳೂ ಅವರವರ ಪಾದದಡಿ.
ಪಾದವಿಲ್ಲದ್ದು ಎಲ್ಲಿ ಹೋಗಬೇಕು?

ಬಿಸಿಲು ನೆತ್ತಿಗೆ ಬಂತು. ಕಾರ್ಖಾನೆಯ ಸೈರನ್ ಕೂಗಿತು.
ನೂರ ಮೂವತ್ತೊಂಬತ್ತು ಹುಡುಗಿಯರು ನೆಲ ನೋಡುತ್ತಾ ನಿಂತರು.
ಅಂಗಾಲಿಗೆ ಏನೋ ತಣ್ಣಗೆ ತಗುಲಿತು,
ಹೊಸ ಮಡಕೆಯ ತಳದ ಹಾಗೆ.
'ಸಮಿತಿ ಉಳಿಯಬೇಕೆನ್ನುವವರು?'
ನಾನು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡೆ.
ನನ್ನ ಬುಡದಿಂದ ಒಂದು ತೋಳು ನಿಧಾನಕ್ಕೆ
ಮಣ್ಣಿನ ಮೇಲೆ ಚಾಚಿತು,
ಒಂದು, ಎರಡು, ಐದು ಬೆರಳು.

ಸಮಿತಿ ಉಳಿಯಿತು. ಮುಬೀನಾ ಅತ್ತಳು.
ನಾನು ಅಂದೇ ನಡಾವಳಿ ಬರೆಯಬೇಕಿತ್ತು, ಬರೆಯಲಿಲ್ಲ.
ಏಕೆಂದರೆ ಎಲ್ಲರ ನೆರಳನ್ನೂ ವಾರಸುದಾರರಿಗೆ ತಲುಪಿಸಿದವರು ನಾವು;
ಇದೊಂದು ಬಾಕಿ. ಯಾರ ಕೈಗೆ ಕೊಡುವುದು?
ಗೆದ್ದ ಮೇಲೆ ಅವಳನ್ನು ಹುಡುಕುವ ಸಮಿತಿಯೊಂದನ್ನು
ಮಾಡಬೇಕೆಂದು ನಮಗೆ ಯಾರಿಗೂ ಹೊಳೆಯಲೇ ಇಲ್ಲ.

ಈಗ ನಾನು ಹಾಲಿನ ಸೊಸೈಟಿಯಲ್ಲಿ ಲೆಕ್ಕ ಬರೆಯುತ್ತೇನೆ.
ಮೊನ್ನೆ ಕಿರುಗಾವಲಿನ ಬಸ್ಸು, ಇಳಿಬಿಸಿಲು ಕಿಟಕಿಯಿಂದ ಒಳಗೆ.
ಕಂಡಕ್ಟರ್ ನನ್ನ ಮುಖ ನೋಡಿದ, ಪಕ್ಕದ ಖಾಲಿ ಸೀಟು ನೋಡಿದ,
ನೆಲ ನೋಡಿದ. ಪೆನ್ಸಿಲ್ಲು ಕಿವಿಯಿಂದ ತೆಗೆದು
ತಡವರಿಸಿ ಕೇಳಿದ, 'ಎಷ್ಟಕ್ಕ?'

ಎರಡು ಕೊಡಪ್ಪ ಎಂದೆ.
ನಿಂತಿದ್ದವರು ಬೈದರು, ಸೀಟು ಬಿಡಿ ಎಂದು.
ಬಿಡಲಿಲ್ಲ.