ಕೆಂಪು ಎಷ್ಟು ಕಪ್ಪು

ಇಳಕಲ್ಲಿನ ಬಜಾರದಲ್ಲಿ ಅಪ್ಪನ ಸ್ಟುಡಿಯೋ ಈಗ ನನ್ನದು.
ಸಂಕವ್ವ ಬಂದಳು, ತೋಪತೆನಿ ಸೆರಗು ಹೊತ್ತು:
"ಅಕ್ಕಂದು ನಿಮ್ಮಪ್ಪ ತೆಗೆದ ಫೋಟೋ ಐತಿ,
ಅದರ ಬಾಜೂಕ ನಂದೂ ಹಾಕೋದೈತಿ. ಬಣ್ಣ ಬ್ಯಾಡ."

ತೆಗೆದೆ. ಪರದೆಯ ಮೇಲೆ ಬಣ್ಣ ಹಿಂಡಿದೆ.
ಕೆಂಪು ಸೆರಗೂ ಹಸಿರು ಒಡಲೂ
ಒಂದೇ ಬೂದಿಯಾಗಿ ಕೂತವು,
ಕೊಂಡಿ ಹಾಕಿ ಕೂಡಿಸಿದ ಗೆರೆಯೂ ಕಾಣದಂತೆ.

ಕೆಂಪಿನ ಗುಂಡಿ ಬಲಕ್ಕೆಳೆದೆ:
ಸೆರಗು ಬೆಳ್ಳಗೆ, ಮುಖದ ಸುಕ್ಕೆಲ್ಲ ಮಾಯ,
ಹಣೆಯ ಕುಂಕುಮವೂ ಅಳಿಸಿಹೋಯಿತು.
ಗಾಬರಿಯಾಗಿ ಎಡಕ್ಕೆಳೆದೆ:
ಕುಂಕುಮ ಕಾಡಿಗೆ, ಸೆರಗು ಇರುಳು,
ಕೆನ್ನೆಯ ಗೆರೆಗಳು ಹಾಸಿನ ಎಳೆಗಳಂತೆ ಎದ್ದವು.
"ಇರ್ಲಿ ಬಿಡವ್ವಾ, ಮಾರಿ ಹೆಂಗರ ಇರ್ಲಿ.
ಸೆರಗು ನಾ ನೇಯ್ದದ್ದು. ಅದು ಬ್ಯಾರೆ ಕಾಣ್ಲಿ."

ಆಮೇಲೆ ನುಚ್ಚು.
ಫಿಲ್ಮಿನಲ್ಲಿ ಅದು ತಾನೇ ಇರುತ್ತಿತ್ತು,
ರೊಟ್ಟಿಯಲ್ಲಿ ಹಿಟ್ಟಿನ ತರಿಯಂತೆ.
ಈಗ ಮೇಲಿಂದ ಉದುರಿಸಬೇಕು,
ಇಪ್ಪತ್ತೋ ಮೂವತ್ತೋ ಅಂತ ಅಂಕಿ ನೋಡಿ.
ಉರಿಯುವ ಬಿಳಿಯನ್ನು ತುಸು ಹಾಲು ಮಾಡಿದೆ.
ಅಕ್ಕನ ಪಕ್ಕಕ್ಕಿಟ್ಟರೆ ಬಹುತೇಕ ತಂಗಿಯೇ.

ಬಹುತೇಕ.

ಅಪ್ಪ ಹೈಪೋ ನೀರು ಚೆಲ್ಲುತ್ತಿರಲಿಲ್ಲ.
ಕ್ಯಾನಿನಲ್ಲಿ ತುಂಬಿಟ್ಟು, ವರ್ಷಕ್ಕೊಮ್ಮೆ
ಪತ್ತಾರ ಮೌನೇಶಪ್ಪನಿಗೆ ಒಯ್ದು ಬೆಳ್ಳಿ ತೆಗೆಸುತ್ತಿದ್ದ.
ಊರ ಮುಖಗಳು ಬಿಟ್ಟುಕೊಟ್ಟ ಬೆಳ್ಳಿ
ಏಳನೇ ವಯಸ್ಸಿಗೆ ನನ್ನ ಕಾಲ ಗೆಜ್ಜೆಯಾಗಿ ಬಂತು.
ಅದರಲ್ಲಿ ಈ ಅಕ್ಕನೂ ಒಂದೆರಡು ಗುಂಜಿ ಇದ್ದಾಳು.
ಈ ಕ್ಯಾಮೆರಾ ತೊಳೆದರೆ ಏನಿಳಿಯುತ್ತದೆ, ಬೆರಳಿನ ಎಣ್ಣೆ.

ಸಂಕವ್ವ ಪ್ರಿಂಟಿನ ಮೇಲೆ ಹೆಬ್ಬೆರಳು ಸವರಿ,
"ಉಸುಕ ಬಿದ್ದೈತೇನ?" ಅಂದಳು.
ಹೂಂ ಅಂದೆ.
ಒರೆಸಲಿಲ್ಲ. ಸೆರಗಿನಲ್ಲಿ ಸುತ್ತಿಕೊಂಡು ಹೋದಳು,
ಕೆಂಪಿನೊಳಗೆ ಕಪ್ಪು.