ಸೂಲಗಿತ್ತಿಯ ಕೈ

ಪಾಠ ಹೇಳುವಾಗ ರಜಿಯಾ ಎಜೆಯ ಕೈಯಲ್ಲಿ ಸೀಮೆಸುಣ್ಣ ಮುರಿಯುತ್ತಿತ್ತು.
"ನಾಳವಿಲ್ಲ ಇವಕ್ಕೆ, ಬರೆದುಕೊಳ್ಳಿ.
ಹೇಳುವುದನ್ನು ನೇರ ರಕ್ತದ ಕಿವಿಯಲ್ಲೇ ಹೇಳುತ್ತವೆ.
ಕಡಿಮೆ ಹೇಳಿದರೂ ರೋಗ, ಹೆಚ್ಚು ಹೇಳಿದರೂ ರೋಗ."
ಪಕ್ಕದಲ್ಲಿ ಕುಂದುಜ್ ಪಿಸುಗುಟ್ಟಿದಳು: "ನಮ್ಮತ್ತೆಯ ಹಾಗೆ."

ಥೈರಾಯ್ಡ್ ಚಿಟ್ಟೆಯಂತಿದೆ ಎನ್ನುತ್ತದೆ ಪುಸ್ತಕ.
ನರೀನಿನ ಹುಡುಗಿಯರಿಗೆ ಎಜೆ ಬೇರೆ ಚಿತ್ರ ಬರೆದರು:
ಉಸಿರುಕೊಳವೆಯ ಮೇಲೆ ಬಿಗಿದ ಒಂದು ಜೀನು,
ಜೀನಿನ ಬೆನ್ನಿಗೆ ಮಸೂರಬೇಳೆಯಷ್ಟು ನಾಲ್ಕು ಕಾಳು.
"ಕತ್ತಿ ಜೀನು ತೆಗೆಯುವಾಗ ಈ ಕಾಳುಗಳು ನೋಯಬಹುದು.
ಆಗ ಕ್ಯಾಲ್ಸಿಯಂ ಇಳಿಯುತ್ತದೆ. ರೋಗಿಯ ಕೈ
ಸೂಲಗಿತ್ತಿಯ ಕೈಯಾಗುತ್ತದೆ."
ಹಾಗೆಂದರೇನೆಂದು ನಾನು ಕೇಳಲಿಲ್ಲ.
ಎರಡು ಅಂಕದ ಪ್ರಶ್ನೆಯೆಂದು ಅಡಿಗೆರೆ ಎಳೆದೆ, ಅಷ್ಟೇ.

ಏಳನೇ ಹಾಸಿಗೆ ಕಲಿಪಾ ಆಪಾ.
ಉಣ್ಣೆ ತುಳಿದು, ಹಾಸು ಹೊಲಿದು ಬೆರಳೆಲ್ಲ ಗಟ್ಟಿ.
ಮೂವತ್ತು ವರ್ಷ ಕೊರಳಲ್ಲಿ ಗಳಗಂಡ ಹೊತ್ತು
ಕುರಿಗಿಟ್ಟ ಕಲ್ಲುಪ್ಪನ್ನೇ ಒಡೆದು ಚಹಾಕ್ಕೆ ಹಾಕಿದವಳು.
ಅಯೋಡಿನ್ ಉಪ್ಪಿನ ಪೊಟ್ಟಣ ಸೊಸೆ ತಂದರೆ
"ಅದಕ್ಕೆ ಔಷಧದ ವಾಸನೆ" ಎಂದು ಬದಿಗಿಟ್ಟವಳು.
ಮೊನ್ನೆ ಗಂಟು ತೆಗೆದರು. ನಿನ್ನೆ ಚೆನ್ನಾಗಿದ್ದಳು.
ನಡುರಾತ್ರಿ ನನ್ನನ್ನು ಕರೆದು ಹೇಳಿದಳು:
"ತುಟಿಯ ಸುತ್ತ ಇರುವೆ ಹರಿದ ಹಾಗಿದೆ, ಮಗಳೇ."
ಬಾಯಿ ಒಣಗಿರಬೇಕೆಂದು ನೀರು ಕೊಟ್ಟೆ.
ಬರೀ ನೀರು ಕೊಟ್ಟೆ.

ಬೆಳಗಿನ ಆರು. ಹೊರಗೆ ನದಿ ಕಲ್ಲಾಗಿತ್ತು.
ಅವಳ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದೆ.
ನಿಧಾನದ ಕೈ ನನ್ನದು, ವಾರ್ಡಿನಲ್ಲೆಲ್ಲ ಹೆಸರುವಾಸಿ.
ಅಷ್ಟರಲ್ಲಿ ಆಪಾ ಕುದುರೆಯ ಮಾತು ತೆಗೆದಳು.
ಆಪರೇಷನ್ನಿಗೆಂದು ಮಾರಿದ ಕಂದು ಹೆಣ್ಣುಕುದುರೆ
ಕೊಂಡವನ ಹಗ್ಗ ಕಿತ್ತು ಮೂರು ಸಲ
ತಾನಾಗೇ ಹಿಂದಿರುಗಿ ಅಂಗಳದಲ್ಲಿ ನಿಂತಿತಂತೆ.
"ಮೂರನೆಯ ಸಲ ನಾನು ಬಾಗಿಲೇ ತೆಗೆಯಲಿಲ್ಲ."
ನಾನು ಕುದುರೆಯನ್ನು ನೋಡುತ್ತ ಕೂತೆ,
ಗಾಳಿ ಬಿಡಲು ಮರೆತೆ.

ಆಗ ಕಂಡೆ. ಹೊದಿಕೆಯ ಮೇಲೆ ಅವಳ ಕೈ
ಅವಳನ್ನು ಕೇಳದೆ ಮಣಿಕಟ್ಟಿನಲ್ಲಿ ಬಾಗುತ್ತಿತ್ತು.
ಹೆಬ್ಬೆರಳು ಅಂಗೈಯೊಳಗೆ ಸರಿಯಿತು,
ಉಳಿದ ಬೆರಳು ನೆಟ್ಟಗೆ ಒಂದಕ್ಕೊಂದು ಅಂಟಿ
ಕಾಣದ ಕತ್ತಲಿಗೆ ಇಳಿಯಲು ಹೊರಟಂತೆ,
ಒಳಗಿರುವ ಯಾರನ್ನೋ ಹಿಡಿದೆಳೆಯಲು ಹೊರಟಂತೆ.

ಅಡಿಗೆರೆ ನೆನಪಾಯಿತು.
ಪಟ್ಟಿ ಸಡಿಲಿಸಿ ಓಡಿದೆ, ಒಂದು ಚಪ್ಪಲಿ ಅಲ್ಲೇ ಬಿತ್ತು.

ಗ್ಲುಕೋನೇಟ್, ಹತ್ತು ಮಿಲಿ. ಡಾಕ್ಟರ್ ಐದಾರ್
ನಿದ್ದೆಗಣ್ಣಲ್ಲೇ ಸಿರಿಂಜು ನನ್ನ ಕೈಗಿಟ್ಟು
ತಾನು ಪರದೆಯ ಮೇಲಿನ ಗೆರೆ ನೋಡುತ್ತ ನಿಂತ.
"ಹತ್ತು ನಿಮಿಷ. ಒಂದು ಚೂರೂ ಬೇಗ ಬೇಡ,
ಹೃದಯ ಮುನಿಸಿಕೊಳ್ಳುತ್ತದೆ."
ನನಗೆ ಯಾರೂ ಹೇಳಿಕೊಡದ ಒಂದೇ ವಿದ್ಯೆ ಅದು.
ಎಳೆ ಎಳೆಯಾಗಿ ಒತ್ತಿದೆ.
ಗೋಡೆಯ ಗಡಿಯಾರ, ಅವಳ ಉಸಿರು,
ಹೀಟರಿನ ಕೊಳವೆಯೊಳಗೆ ಗುಡುಗುಡು ನೀರು.

ಮೊದಲು ಹೆಬ್ಬೆರಳು ಬಿಚ್ಚಿಕೊಂಡಿತು.

ಆಮೇಲೆ ಚಹಾ ಕುಡಿಸುತ್ತ ವಿವರಿಸಿದೆ:
ಇನ್ನು ದಿನಾ ಬೆಳಿಗ್ಗೆ ಬರಿಹೊಟ್ಟೆಗೆ ಒಂದು ಬಿಳಿ ಮಾತ್ರೆ,
ಚಹಾಕ್ಕೂ ಮೊದಲು, ಬದುಕಿರುವಷ್ಟು ದಿನ;
ಕ್ಯಾಲ್ಸಿಯಂ ಬೇರೆ, ಅದು ಗಂಟೆಗಟ್ಟಲೆ ಬಿಟ್ಟು.
ಕೈ ಹಿಡಿದ ಆ ಹಿಡಿತದ ಹೆಸರನ್ನೂ ಹೇಳಿದೆ.
ಆಪಾ ತನ್ನ ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿದಳು.
"ಸೂಲಗಿತ್ತಿಯ ಕೈಯೇ? ಸರಿ.
ಹುಟ್ಟಿದ್ದು ಯಾರು ಮತ್ತೆ?"

ಎಂಟಕ್ಕೆ ರಜಿಯಾ ಎಜೆ ಬಂದರು, ಪಟ್ಟಿ ತಿರುವಿದರು,
ಖಾಲಿ ಚೌಕದ ಮೇಲೆ ಬೆರಳಿಟ್ಟರು:
"ಆರು ಗಂಟೆಯ ರಕ್ತದೊತ್ತಡ ಎಲ್ಲಿ?"